ಚೆರ್ರಿ ಗಿಡಕ್ಕೊಂದು ದಿಬ್ಬ

ಶಿರಸಿಯಿಂದ ಹತ್ತು ಹನ್ನೆರಡು ಕಿಲೋಮೀಟರು ದೂರದಲ್ಲಿರುವ ನಮ್ಮ ಮನೆಯ ಅಂಗಳದ ಮೂಡಣ ಅಂಚಿನಲ್ಲಿ ಈಗ 11 ಅಡಿ ಎತ್ತರದ ಒಂದು ಚೆರ್ರಿ ಮರವಿದೆ. ತಿನ್ನುವ ಹಣ್ಣಿನ ಚೆರ್ರಿಯಲ್ಲ, ಹೂವಿನ ಅಂದಕ್ಕಾಗಿಯೇ ನೆಡುವ ಜಾತಿ. ಅದು ಇನ್ನೂ ಒಂದು ಹೂವನ್ನೂ ಬಿಟ್ಟಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಗುಲಾಬಿ ಬಣ್ಣದ ಮೋಡದಂತಹ ಮರವನ್ನು ನಿರೀಕ್ಷಿಸಿ ಓದತೊಡಗಿದವರಿಗೆ ಕೊನೆಯಲ್ಲಿ ಮೋಸವಾಯಿತೆನ್ನಿಸಬಾರದು. ವರ್ಷಕ್ಕೆ ಸುಮಾರು 2500 ಮಿಲಿಮೀಟರ್ ಮಳೆ ಸುರಿಯುವ ಊರಿನಲ್ಲಿ ಈ ಗಿಡವನ್ನು ಬದುಕಿಸಲು ಮಾಡಿದ ಕೆಲಸ, ಅದರಲ್ಲಿಯೂ ಮಣ್ಣಿನ ಕೆಲಸ, ಹೇಗೆ ನಡೆಯಿತು ಮತ್ತು ಎಲ್ಲಿ ಕೆಟ್ಟಿತು ಎಂಬುದನ್ನು ಡೈರಿಯ ಟಿಪ್ಪಣಿಗಳನ್ನು ನೋಡಿಕೊಂಡು ಇಲ್ಲಿ ಬರೆದಿದ್ದೇನೆ.

ಮೊದಲ ಪ್ರಯತ್ನ 2017ರದು, ಮತ್ತು ಅದು ನಗೆಪಾಟಲಿನದು. ಒಂದು ನರ್ಸರಿಯಲ್ಲಿ ‘ಜಪಾನಿ ಚೆರ್ರಿ’ ಎಂದು ಹೇಳಿ ಕೊಟ್ಟ ಸಸಿ ಒಂದೇ ವರ್ಷದಲ್ಲಿ ಮಾಡಿನ ಎತ್ತರಕ್ಕೆ ಬೆಳೆದು, ಬಿಳಿಯ ಸಣ್ಣ ಹೂ ಬಿಟ್ಟು, ಕೆಂಪು ಹಣ್ಣನ್ನೂ ಕೊಟ್ಟಿತು. ಶಾಲೆಯಿಂದ ಬರುತ್ತಿದ್ದ ಮಕ್ಕಳು ಅದನ್ನು ಕಂಡ ಕೂಡಲೇ ಗಸಗಸೆ ಹಣ್ಣಿನ ಮರವೆಂದು ಗುರುತಿಸಿದರು. ಸಿಂಗಾಪುರ ಚೆರ್ರಿ ಎಂಬ ಇನ್ನೊಂದು ಹೆಸರು ಈ ಮರಕ್ಕೆ ಇರುವುದರಿಂದ ನರ್ಸರಿಯವರು ಹೇಳಿದ್ದು ಪೂರ್ತಿ ಸುಳ್ಳೆನ್ನಲೂ ಬಾರದು. ಆದರೆ ಅದರ ಮೂಲ ಅಮೆರಿಕ ಖಂಡದ ಬಿಸಿ ಸೀಮೆ, ನಿಜವಾದ ಚೆರ್ರಿಗೂ ಅದಕ್ಕೂ ನಂಟಿಲ್ಲ. ಸಸಿ ಕೊಳ್ಳುವಾಗ ನೋಡಬೇಕಾದ ಗುರುತುಗಳನ್ನು ಆಮೇಲೆ ಕಲಿತುಕೊಂಡೆ. ಚೆರ್ರಿಯ ಎಲೆಯ ಅಂಚು ಗರಗಸದ ಹಲ್ಲಿನಂತಿರುತ್ತದೆ, ಎಲೆಯ ಹಾಳೆ ತೊಟ್ಟಿಗೆ ಸೇರುವಲ್ಲಿ ಸಾಸಿವೆಗಿಂತ ಚಿಕ್ಕದಾದ ಎರಡು ಗಂಟುಗಳಿರುತ್ತವೆ, ಸ್ವಲ್ಪ ಬಲಿತ ಕಾಂಡದ ತೊಗಟೆಯ ಮೇಲೆ ಅಡ್ಡಡ್ಡಲಾಗಿ ಗೀರು ಹಾಕಿದಂತಹ ಉಸಿರುರಂಧ್ರಗಳು ಕಾಣುತ್ತವೆ. ಗಸಗಸೆ ಹಣ್ಣಿನ ಎಲೆಯಾದರೋ ಮುಟ್ಟಿದರೆ ಜಿಗುಟು, ಮೈತುಂಬ ರೋಮ.

ಯಾವ ಚೆರ್ರಿಯನ್ನು ನೆಡಬೇಕೆಂಬುದನ್ನು ಚಳಿಯೇ ತೀರ್ಮಾನಿಸಿತು. ಜಪಾನಿನಲ್ಲಿ ಎಲ್ಲೆಡೆ ಕಾಣುವ ಸೊಮೆಯಿ ಯೊಶಿನೊ ಎಂಬ ತಳಿ ಕಸಿಯಿಂದಲೇ ಹಬ್ಬಿದ್ದು. ಅದರ ಮೊಗ್ಗುಗಳು ಚಳಿಗಾಲದಲ್ಲಿ ಮಲಗಿ, ಸಾಕಷ್ಟು ದಿನ ಚಳಿ ತಿಂದ ಬಳಿಕವಷ್ಟೇ ಎಚ್ಚರಗೊಳ್ಳುತ್ತವೆ. ಇಂತಹ ಮರಗಳ ಚಳಿಯನ್ನು ತೋಟಗಾರಿಕೆಯವರು ಸಾಮಾನ್ಯವಾಗಿ 7.2 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಕಳೆದ ಗಂಟೆಗಳಲ್ಲಿ ಎಣಿಸುತ್ತಾರೆ. ನಾನು ಮನೆಯ ಬಡಗು ಗೋಡೆಗೆ ಗರಿಷ್ಠ ಮತ್ತು ಕನಿಷ್ಠ ಉಷ್ಣತೆಯನ್ನು ತೋರಿಸುವ ಮಾಪಕವನ್ನು ತೂಗುಹಾಕಿ ಎರಡು ಚಳಿಗಾಲ ಬರೆದಿಟ್ಟೆ. ಡಿಸೆಂಬರ್ ಮತ್ತು ಜನವರಿಯ ಬೆಳಗಿನ ಜಾವಗಳಲ್ಲಿ ಹೆಚ್ಚಾಗಿ 14ರಿಂದ 17 ಡಿಗ್ರಿ ಇತ್ತು, ಒಂದೇ ಒಂದು ದಿನ 11ಕ್ಕೆ ಇಳಿದಿತ್ತು. ಆ ಲೆಕ್ಕದಲ್ಲಿ ನಮ್ಮ ಚಳಿಯ ಗಂಟೆಗಳು ಸೊನ್ನೆ. ಬೆಂಕಿ ಕಾಯಿಸಿಕೊಳ್ಳುತ್ತ ‘ಈ ಸಲ ಚಳಿ ಜೋರು’ ಎಂದು ಮಾತಾಡುವ ನಮಗೆ ಇದು ತುಸು ಅವಮಾನದ ಸಂಗತಿಯೇ ಸರಿ.

ಆದ್ದರಿಂದ ಜಪಾನಿನ ಆಸೆಯನ್ನು ಬಿಟ್ಟು ಹಿಮಾಲಯದ ಕಾಡು ಚೆರ್ರಿಯತ್ತ ತಿರುಗಿದೆ. ಸಸ್ಯಶಾಸ್ತ್ರದಲ್ಲಿ ಪ್ರುನಸ್ ಸೆರಸಾಯ್ಡಿಸ್ ಎಂದು ಕರೆಯುವ ಈ ಮರವೇ ಆಯುರ್ವೇದದ ಪದ್ಮಕ. ಹಿಮಾಚಲದಲ್ಲಿ ಇದನ್ನು ಪಾಜಾ ಎನ್ನುತ್ತಾರೆ. ಅಲ್ಲಿ ಹಣ್ಣಿನ ಚೆರ್ರಿಗೆ ಕಸಿ ಕಟ್ಟಲು ಬೇರುಗಿಡವಾಗಿಯೂ ಬಳಸುತ್ತಾರೆ. ಬೇರೆ ಚೆರ್ರಿಗಳು ವಸಂತದಲ್ಲಿ ಅರಳಿದರೆ ಇದು ಮಳೆಗಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ಅಕ್ಟೋಬರಿನಿಂದ ಡಿಸೆಂಬರಿನ ನಡುವೆ ಅರಳುತ್ತದೆ. ಶಿಲ್ಲಾಂಗಿನಲ್ಲಿ 2016ರಿಂದ ನವೆಂಬರಿನಲ್ಲಿ ನಡೆಯುತ್ತಿರುವ ಚೆರ್ರಿ ಹೂವಿನ ಉತ್ಸವ ಇದೇ ಮರದ್ದು. ಆದರೆ ಶಿಲ್ಲಾಂಗ್ ಇರುವುದು ಸುಮಾರು 1500 ಮೀಟರ್ ಎತ್ತರದಲ್ಲಿ, ನಮ್ಮ ಶಿರಸಿ ಸುಮಾರು 600ರಲ್ಲಿ; ಆ 900 ಮೀಟರಿನ ಕೊರತೆಯನ್ನು ಯಾವ ಗೊಬ್ಬರದಿಂದಲೂ ತುಂಬಲಾಗದೆಂಬುದು ನನಗೆ ಗೊತ್ತಿದ್ದೇ ಈ ಕೆಲಸಕ್ಕೆ ಇಳಿದೆ.

2018ರ ಏಪ್ರಿಲಿನಲ್ಲಿ ಶಿಲ್ಲಾಂಗಿನಲ್ಲಿ ನೌಕರಿಯಲ್ಲಿದ್ದ ಬಂಧುವೊಬ್ಬರು ಮರದಡಿ ಬಿದ್ದ ಹಣ್ಣುಗಳನ್ನು ಆರಿಸಿ ತಂದುಕೊಟ್ಟರು. ತಿರುಳನ್ನು ಉಜ್ಜಿ ತೊಳೆದು, ನೀರಿನಲ್ಲಿ ತೇಲಿದ್ದನ್ನು ಬಿಸಾಡಿ, ಮುಳುಗಿದ 40 ಓಟೆಗಳನ್ನು ಒದ್ದೆ ಮರಳಿನೊಡನೆ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಖಾನೆಯಲ್ಲಿ 10 ವಾರ ಇಟ್ಟೆ. ಓಟೆಯೊಳಗಿನ ಬೀಜಕ್ಕೆ ಒಂದು ಚಳಿಗಾಲ ಕಳೆಯಿತೆಂಬ ಭ್ರಮೆ ಹುಟ್ಟಿಸುವ ಉಪಾಯವಿದು. ಮರಳು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಒಣಗಿ ಉದುರಲೂ ಬಾರದು. ವಾರಕ್ಕೊಮ್ಮೆ ಮುಚ್ಚಳ ತೆಗೆದು ಬೂಷ್ಟು ಬಂದಿದೆಯೇ ಎಂದು ನೋಡುತ್ತಿದ್ದೆ. ಜುಲೈ ತಿಂಗಳಲ್ಲಿ ಜಗಲಿಯಲ್ಲಿ ಮಳೆ ತಾಗದಂತೆ ಬಿತ್ತಿದ ಮೇಲೆ 9 ಮೊಳಕೆ ಬಂದವು. ನಾಲ್ಕು ಬುಡಕೊಳೆತು ಮಲಗಿದವು. ಉಳಿದ ಐದರಲ್ಲಿ ಒಂದನ್ನು ಕುಮಟಾದಲ್ಲಿರುವ ಭಾವನವರು ಒಯ್ದರು. ಸಮುದ್ರಮಟ್ಟದ ಆ ಸೆಕೆಯಲ್ಲಿ ಅದು ಎರಡು ಬೇಸಿಗೆ ಕಂಡು ಕರಕಲಾಯಿತು.

2019ರ ಜೂನಿನಲ್ಲಿ, ಮೃಗಶಿರಾ ಮಳೆ ಹಿಡಿದ ಮೇಲೆ, ಎರಡು ಸಸಿಗಳನ್ನು ಅಂಗಳದ ತಗ್ಗಿನ ಮೂಲೆಯಲ್ಲಿ ನೆಟ್ಟೆ. ಮಾವು, ಹಲಸು, ತೆಂಗು ಯಾವುದನ್ನು ನೆಟ್ಟರೂ ನಮ್ಮಲ್ಲಿ ಮಾಡುವ ಕ್ರಮ ಒಂದೇ: ಮೂರು ಅಡಿ ಉದ್ದ, ಅಗಲ, ಆಳದ ಗುಂಡಿ, ಅದಕ್ಕೆ ಕೊಟ್ಟಿಗೆಗೊಬ್ಬರ ಮತ್ತು ಮೇಲ್ಮಣ್ಣು. ಗುಂಡಿ ತೋಡುತ್ತಿದ್ದ ಕೆಲಸದಾತ, ‘ಹೆಗಡೇರೆ, ಮಳೆಗಾಲದಲ್ಲಿ ಇಲ್ಲಿ ಏಡಿ ಹಿಡೀಬಹುದು’ ಎಂದ. ನಾನು ನಕ್ಕು ಸುಮ್ಮನಾದೆ. ಆ ವರ್ಷ ಆಗಸ್ಟಿನ ಆಶ್ಲೇಷಾ ಮಳೆ ಉತ್ತರ ಕನ್ನಡವನ್ನೆಲ್ಲ ಮುಳುಗಿಸಿದ್ದು ಎಲ್ಲರಿಗೂ ನೆನಪಿರಬಹುದು. ಸಸಿಗಳ ಎಲೆ ಮೊದಲು ಹಳದಿಯಾಗಿ, ಕಾಂಡದಿಂದ ಜೇನಿನ ಬಣ್ಣದ ಅಂಟು ಸೋರಿ, ಹದಿನೈದು ದಿನದಲ್ಲಿ ಎರಡೂ ಸತ್ತವು. ಕಿತ್ತು ನೋಡಿದರೆ ಬೇರಿನ ಸಿಪ್ಪೆ ಕಪ್ಪಾಗಿ ಜಾರಿ ಕೈಗೆ ಬರುತ್ತಿತ್ತು, ಕೊಳೆತ ವಾಸನೆ.

ಮಳೆ ನಿಂತ ಮೇಲೆ ಅದೇ ಗುಂಡಿಯ ಮಣ್ಣು ತೆಗೆದು, ಒಂದು ಅಡಿ ನೀರು ತುಂಬಿಸಿ, ಕೋಲಿಗೆ ಗುರುತು ಹಾಕಿ ನೋಡಿದೆ. ಸಂಜೆ ಆರರಿಂದ ಬೆಳಿಗ್ಗೆ ಆರರವರೆಗೆ ಇಳಿದದ್ದು ಮೂರೇ ಇಂಚು. ಇಂತಹ ಗಿಡಕ್ಕೆ ಗಂಟೆಗೆ ಒಂದು ಇಂಚಾದರೂ ಇಳಿಯಬೇಕು. ಒಂದೂವರೆ ಅಡಿ ಕೆಂಪು ಮಣ್ಣಿನ ಕೆಳಗೆ ಜಂಬಿಟ್ಟಿಗೆಯ ಗಟ್ಟಿ ಪದರವಿದ್ದು, ಅದರಲ್ಲಿ ಕೊರೆದ ಗುಂಡಿಯೆಂದರೆ ಕಲ್ಲುಮರಿಗೆಯೇ; ಸುತ್ತಲಿನ ಮಳೆಯ ನೀರೆಲ್ಲ ಸಡಿಲ ಮಣ್ಣನ್ನು ಹುಡುಕಿಕೊಂಡು ಬಂದು ಅದರೊಳಗೆ ನಿಲ್ಲುತ್ತದೆ. ಗುಂಡಿ ಎಷ್ಟು ದೊಡ್ಡದೋ ಮರಿಗೆ ಅಷ್ಟು ದೊಡ್ಡದು. ಅಡಿಕೆ ಮರ ಒಂದಷ್ಟು ಒದ್ದೆಯನ್ನು ಸಹಿಸುತ್ತದೆ, ಚೆರ್ರಿ ಸಹಿಸುವುದಿಲ್ಲ. ಪೀಚ್, ಏಪ್ರಿಕಾಟ್, ಚೆರ್ರಿಗಳಿರುವ ಈ ಕುಲದ ಬೇರು ಮತ್ತು ಎಲೆಗಳಲ್ಲಿ ಸಯನೈಡ್ ಅಡಗಿರುವ ಸಂಯುಕ್ತಗಳಿರುತ್ತವೆ. ಬೇರಿಗೆ ಗಾಳಿಯಿಲ್ಲದಾದಾಗ ಅವು ಒಡೆದು ವಿಷ ಹೊರಬಂದು ಗಿಡದ ಬೇರನ್ನೇ ಸುಡುತ್ತದೆ ಎಂಬುದನ್ನು ಪೀಚ್ ಗಿಡಗಳಲ್ಲಿ ಚೆನ್ನಾಗಿ ಗುರುತಿಸಿದ್ದಾರೆ. ನೀರಿನಲ್ಲಿ ಹರಡುವ ಬೇರುಕೊಳೆ ರೋಗ ಅದರ ಮೇಲೆ ಬಂದು ಕೂರುತ್ತದೆ.

ಚಳಿಯನ್ನು ನಾನು ಮಾಡಲಾರೆ, ನೀರನ್ನಾದರೆ ಹೊರಗೆ ಹಾಕಬಲ್ಲೆ ಎಂದುಕೊಂಡು 2020ರ ಜನವರಿಯಲ್ಲಿ ದಿಬ್ಬದ ಕೆಲಸ ಹಿಡಿದೆ. ಜಾಗವನ್ನು ಬದಲಿಸಿ, ಮೂಡಣಕ್ಕೆ ಇಳಿಜಾರಿರುವ, ಬೆಳಗಿನ ಬಿಸಿಲು ಬೀಳುವ, ಪಡುವಣದ ಮಳೆಗಾಳಿಗೆ ಮನೆಯೇ ಅಡ್ಡವಾಗುವ ಅಂಚನ್ನು ಆರಿಸಿದೆ. ಬುಡದಲ್ಲಿ 8 ಅಡಿ, ನೆತ್ತಿಯಲ್ಲಿ 5 ಅಡಿ ಅಗಲ, 2 ಅಡಿ ಎತ್ತರದ ದಿಬ್ಬಕ್ಕೆ ಲೆಕ್ಕದಲ್ಲಿ ಸುಮಾರು 1.9 ಘನ ಮೀಟರ್ ಮಣ್ಣು ಬೇಕು. ಹೆಡಗೆಗೆ 20 ಲೀಟರು ಹಿಡಿದರೆ 95 ಹೆಡಗೆ. ಇಬ್ಬರು ಎರಡು ದಿನ ದುಡಿದರು. ಮೊದಲು ಹುಲ್ಲನ್ನು ಕೆತ್ತಿ ತೆಗೆದು, ಕೆಳಗಿನ ನೆಲವನ್ನು ಪಿಕಾಸಿಯಿಂದ ಅರ್ಧ ಅಡಿ ಒಡೆಸಿದೆ. ದಿಬ್ಬದ ಮಣ್ಣೂ ಕೆಳಗಿನ ನೆಲವೂ ಎರಡು ಬೇರೆ ಪದರಗಳಾಗಿ ನಿಲ್ಲದೆ ಒಂದರೊಳಗೊಂದು ಬೆರೆಯಲಿ ಎಂಬುದು ಇದರ ಉದ್ದೇಶ.

ಇಲ್ಲಿ ಒಂದು ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ದಿಬ್ಬದ ತಳಕ್ಕೆ ಅರ್ಧ ಅಡಿ ಜಲ್ಲಿ ಹಾಸಿದರೆ ನೀರು ಚೆನ್ನಾಗಿ ಬಸಿಯುತ್ತದೆಂದು ಬಂದವರೆಲ್ಲರೂ ಸಲಹೆ ಕೊಟ್ಟರು. ಹೂವಿನ ಕುಂಡದ ತಳಕ್ಕೆ ಹಂಚಿನ ಚೂರು ಹಾಕುವ ರೂಢಿಯೂ ಅದೇ ನಂಬಿಕೆಯದು. ಆದರೆ ನುಣುಪಾದ ಮಣ್ಣಿನಲ್ಲಿರುವ ನೀರು ಅದರ ಕೆಳಗಿನ ದೊರಗು ಪದರಕ್ಕೆ ಸುಲಭವಾಗಿ ಇಳಿಯುವುದಿಲ್ಲ. ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದುಕೊಂಡಿರುತ್ತವೆ. ಮೇಲಿನ ಮಣ್ಣು ಪೂರ್ತಿ ನೆನೆದು ಜೌಗಾದ ಮೇಲಷ್ಟೇ ನೀರು ಜಲ್ಲಿಗೆ ಹನಿಯುತ್ತದೆ. ಅಂದರೆ ಜಲ್ಲಿಯ ಮೇಲ್ಗಡೆಯೇ, ಬೇರಿಗೆ ಇನ್ನಷ್ಟು ಹತ್ತಿರದಲ್ಲಿ, ಒಂದು ಒದ್ದೆ ಪದರ ನಿಲ್ಲುತ್ತದೆ. ಒಂದು ಗಾಜಿನ ಭರಣಿಯಲ್ಲಿ ಜಲ್ಲಿಯ ಮೇಲೆ ಮಣ್ಣು ಹಾಕಿ ನೀರೆರೆದು ನೋಡಿದರೆ ಯಾರಿಗಾದರೂ ಕಾಣುತ್ತದೆ. ನಾನು ಜಲ್ಲಿಯನ್ನು ಬಿಟ್ಟು, ಮೂರು ಪಾಲು ಮೇಲ್ಮಣ್ಣು, ಒಂದು ಪಾಲು ದಪ್ಪ ಹೊಳೆಮರಳು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರವನ್ನು ಮೇಲಿನಿಂದ ಕೆಳಗಿನವರೆಗೆ ಒಂದೇ ಹದದಲ್ಲಿ ಬೆರೆಸಿ ಏರಿಸಿದೆ. ಮಣ್ಣು ಪರೀಕ್ಷೆಯಲ್ಲಿ ರಸಸಾರ 5.3 ಬಂದಿದ್ದರಿಂದ, ಅಷ್ಟು ಹುಳಿ ಚೆರ್ರಿಗೆ ಆಗದೆಂದು, ಘಟ್ಟದ ಕೆಳಗಿನಿಂದ ತರಿಸಿದ ಚಿಪ್ಪಿನ ಸುಣ್ಣವನ್ನು ಎರಡು ಕಿಲೋ ಸೇರಿಸಿದೆ. ದಿಬ್ಬದ ಕೆಳ ಅಂಚಿಗೆ ಮಾತ್ರ ಜಂಬಿಟ್ಟಿಗೆ ಕಲ್ಲನ್ನು, ಸಂದಿಗಳಿಂದ ನೀರು ಒಸರಿ ಹೋಗಲೆಂದು ಗಾರೆಯಿಲ್ಲದೆ, ಒಂದು ಸಾಲು ಇಟ್ಟೆ.

ಇಳಿಜಾರಿನ ಮೇಲ್ಬದಿಯಲ್ಲಿ ಅರ್ಧಚಂದ್ರಾಕಾರದ ಬಸಿಗಾಲುವೆಯನ್ನು ತೋಡಿಸಿದ್ದು ಮಾರ್ಚಿನಲ್ಲಿ. ಅಗಲ ಒಂದು ಅಡಿ, ಆಳ ಒಂದೂವರೆ ಅಡಿ. ಗಾರೆ ಕೆಲಸದವರ ನೀರು ತುಂಬಿದ ಲೆವೆಲ್ ಪೈಪಿನಿಂದ 60 ಅಡಿಗೆ ಒಂದು ಅಡಿ ಇಳಿತ ಕೊಟ್ಟು, ಕೊನೆಯನ್ನು ತೋಟದ ಹಳೆಯ ಕಾಲುವೆಗೆ ಕೂಡಿಸಿದೆವು. ಇದಕ್ಕಿಂತ ಹೆಚ್ಚು ಇಳಿತ ಕೊಟ್ಟರೆ ನಮ್ಮ ಮಣ್ಣು ಒಂದೇ ಮಳೆಗೆ ಕೊರೆದುಹೋಗುತ್ತದೆ.

ಹೊಸ ದಿಬ್ಬದಲ್ಲಿ ಅದೇ ಮಳೆಗಾಲಕ್ಕೆ ಗಿಡ ನೆಡಲಿಲ್ಲ. ಸಡಿಲ ಮಣ್ಣು ಕುಸಿದಾಗ ಗಿಡವೂ ಅದರೊಡನೆ ಇಳಿದು, ಬುಡದ ಗಂಟು ಮಣ್ಣಿನೊಳಗೆ ಹುದುಗುತ್ತದೆ. ಬುಡ ಹೂತ ಚೆರ್ರಿ ಹೆಚ್ಚು ಕಾಲ ಬಾಳುವುದಿಲ್ಲ. ಆ ಮಳೆಗಾಲದಲ್ಲಿ ದಿಬ್ಬ ಐದು ಇಂಚು ಕುಗ್ಗಿತು. ಸೆಪ್ಟೆಂಬರಿನಲ್ಲಿ ಉತ್ತರಾ ಮಳೆಯ ನಡುವೆ ಬಿಸಿಲು ಕಂಡಾಗ ಕುಗ್ಗಿದಷ್ಟು ಮಣ್ಣನ್ನು ತುಂಬಿ, ಜಗಲಿಯಲ್ಲಿ ಕಾದಿದ್ದ ಎರಡು ಸಸಿಗಳಲ್ಲಿ ಗಟ್ಟಿಯಾದದ್ದನ್ನು, ಚೀಲದೊಳಗೆ ಸುತ್ತಿಕೊಂಡಿದ್ದ ಬೇರುಗಳನ್ನು ಬಿಡಿಸಿ, ಸುತ್ತಲಿನ ಮಣ್ಣಿಗಿಂತ ಎರಡು ಇಂಚು ಎತ್ತರದಲ್ಲಿ ನೆಟ್ಟೆ. ಆಗ ಅದರ ಎತ್ತರ ಎರಡೂವರೆ ಅಡಿ. ಗಾಳಿಗೆ ಅಲುಗದಂತೆ ಎರಡು ಗೂಟ ನೆಟ್ಟು, ಬಾಳೆಪಟ್ಟೆಯಿಂದ ಸಡಿಲವಾಗಿ ಕಟ್ಟಿದೆ. ಇನ್ನೊಂದು ಸಸಿ ಕುಂಡದಲ್ಲಿಯೇ ಉಳಿದು ಮರುವರ್ಷ ಹೋಯಿತು.

ಬೇಸಿಗೆಯ ಆರೈಕೆ ಅಡಿಕೆ ಸಸಿಗೆ ಮಾಡುವಂಥದ್ದೇ. ನೈಋತ್ಯದ ಇಳಿಬಿಸಿಲು ತಾಗುವ ಬದಿಗೆ ಸೋಗೆಯ ಮರೆ ಕಟ್ಟಿ, ಕಾಂಡಕ್ಕೆ ತೆಳುವಾಗಿ ಸುಣ್ಣ ಬಳಿದೆ. ಬುಡಕ್ಕೆ ನಾಲ್ಕು ಇಂಚು ದರಕು (ಒಣ ತರಗೆಲೆ) ಹಾಸಿದೆ, ಆದರೆ ಕಾಂಡದಿಂದ ಒಂದು ಗೇಣು ಬಿಟ್ಟು. ಒರಲೆ ಹುಳು ಒಣ ಎಲೆಯ ಜಾಡು ಹಿಡಿದು ತೊಗಟೆಗೆ ಏರುವುದನ್ನು ಮೊದಲ ಬೇಸಿಗೆಯಲ್ಲಿಯೇ ಕಂಡಿದ್ದೆ. ನೀರು ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೆ ಎರಡು ಕೊಡ. ದಿಬ್ಬವು ಮಳೆಗಾಲದಲ್ಲಿ ಕಾಪಾಡಿದಷ್ಟೇ ಬೇಸಿಗೆಯಲ್ಲಿ ಕಾಡುತ್ತದೆ, ಏಕೆಂದರೆ ಎಲ್ಲ ಬದಿಯಿಂದಲೂ ಒಣಗುತ್ತದೆ.

ದೊಡ್ಡ ತಪ್ಪು ಮಾಡಿದ್ದು 2021ರ ಜುಲೈಯಲ್ಲಿ. ಅಡಿಕೆಗೆ ಕೊಳೆ ಮದ್ದು ಹೊಡೆಯಲು ಬಂದವರಿಗೆ, ಉಳಿದದ್ದನ್ನು ಚೆರ್ರಿಗೂ ಹೊಡೆಯಿರಿ ಎಂದೆ. ಫ್ರಾನ್ಸಿನ ದ್ರಾಕ್ಷಿ ಸೀಮೆಯಲ್ಲಿ 1880ರ ದಶಕದಲ್ಲಿ ಹುಟ್ಟಿದ ಬೋರ್ಡೋ ದ್ರಾವಣವು ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಕೊಳೆರೋಗದ ಮೇಲೆ ಕೆಲಸ ಮಾಡಿದ ಕಾಲದಿಂದ ಅಡಿಕೆ ಬೆಳೆಗಾರರ ಮನೆಮದ್ದಾಗಿದೆ. 100 ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅದರಲ್ಲಿ ನಮಗೆ ಎಷ್ಟು ನಂಬಿಕೆಯೆಂದರೆ ಯಾವ ಗಿಡಕ್ಕೆ ಏನಾದರೂ ಅದನ್ನೇ ಹೊಡೆಯುತ್ತೇವೆ. ಒಂದು ವಾರದಲ್ಲಿ ಚೆರ್ರಿಯ ಎಲೆಗಳ ಮೇಲೆ ಕಂದು ಚುಕ್ಕೆಗಳೆದ್ದು, ಚುಕ್ಕೆಯ ಜಾಗ ಉದುರಿ ತೂತುಗಳಾಗಿ, ಮುಕ್ಕಾಲು ಪಾಲು ಎಲೆ ನೆಲಕ್ಕೆ ಬಿತ್ತು. ರೋಗವೆಂದೇ ಭಾವಿಸಿ ಇನ್ನೊಮ್ಮೆ ಹೊಡೆಸುವುದರಲ್ಲಿದ್ದೆ. ಓಟೆ ಹಣ್ಣಿನ ಕುಲದ ಹಸಿ ಎಲೆಗಳು ತಾಮ್ರವನ್ನು ತಾಳುವುದಿಲ್ಲವೆಂದೂ, ಎಲೆ ಒಣಗಲು ಬಿಡದ ತಂಪು ಮಳೆಯಲ್ಲಿ ಸುಡುವಿಕೆ ಹೆಚ್ಚೆಂದೂ ಓದಿದ ಮೇಲೆ ಕೈಬಿಟ್ಟೆ. ಈಗ ತಾಮ್ರದ ಮದ್ದನ್ನು ಎಲೆಯಿಲ್ಲದ ಸಮಯದಲ್ಲಿ ಒಂದು ಸಲ, ಮತ್ತು ಸವರಿದ ಗಾಯಕ್ಕೆ ಗಟ್ಟಿ ಪೇಸ್ಟಾಗಿ ಮಾತ್ರ ಬಳಸುತ್ತೇನೆ. ಗಿಡ ಸುಧಾರಿಸಲು ಒಂದು ಇಡೀ ವರ್ಷ ಹಿಡಿಯಿತು.

ಸವರುವ ಕೆಲಸ ಫೆಬ್ರವರಿಯ ಒಣ ಹವೆಯಲ್ಲಿ. ಮಳೆಯಲ್ಲಿ ಮಾಡಿದ ಗಾಯದಿಂದ ಅಂಟು ಸೋರುವುದು ನಿಲ್ಲುವುದೇ ಇಲ್ಲ. ಕಡಿದ ರೆಂಬೆಗಳ ಬಗ್ಗೆ ಮನೆಯಲ್ಲಿ ದನ ಇರುವವರು ಎಚ್ಚರ ವಹಿಸಬೇಕು: ಸೊಪ್ಪು ಕಂಡರೆ ಕೊಟ್ಟಿಗೆಗೆ ಹಾಸುವುದು ನಮ್ಮ ಕೈಗೆ ಬಂದ ಅಭ್ಯಾಸ, ಆದರೆ ಚೆರ್ರಿ ಕುಲದ ಬಾಡಿದ ಎಲೆಯಲ್ಲಿ ಮೊದಲು ಹೇಳಿದ ಅದೇ ಸಯನೈಡ್ ಬಿಡುಗಡೆಯಾಗುವುದರಿಂದ ಅದನ್ನು ತಿಂದ ದನ ಸಾಯಬಹುದು. ನಾನು ಎಲ್ಲವನ್ನೂ ಎಣಿಸಿ ಸುಡುತ್ತೇನೆ. ಉಳಿದಂತೆ ಮಂಗಗಳು ಎರಡು ಸಲ ತುದಿ ಮುರಿದವು, ಅಷ್ಟೇ.

2022ರ ಕೊನೆಗೆ 6 ಅಡಿ, 2023ರ ಮಳೆಗಾಲ ಮುಗಿಯುವ ಹೊತ್ತಿಗೆ 9 ಅಡಿಯಾಯಿತು. ಆಗ ಹೂವಿನ ಪ್ರಶ್ನೆಗೆ ಕೈ ಹಾಕಿದೆ. ನಮ್ಮಲ್ಲಿ ಈ ಮರ ಚಳಿಗಾಲದಲ್ಲಿ ಎಲೆಯನ್ನು ಪೂರ್ತಿ ಉದುರಿಸುವುದಿಲ್ಲ. ಹಳೆಯ ಎಲೆ ಅರ್ಧ ಬೀಳುವಷ್ಟರಲ್ಲಿ ಹೊಸದು ಚಿಗುರುತ್ತದೆ, ಮೊಗ್ಗಿಗೆ ಮಲಗಿ ಏಳುವ ಸಂದರ್ಭವೇ ಬರುವುದಿಲ್ಲ. ಇಂಡೋನೇಷ್ಯದ ಪೂರ್ವ ಜಾವಾದಲ್ಲಿ ಬಾಟು ಎಂಬ ಊರಿನ ಸುತ್ತ ಸೇಬು ಬೆಳೆಯುವವರು ಕೊಯ್ಲಾದ ಮೇಲೆ ಕೈಯಿಂದಲೇ ಎಲೆಗಳನ್ನೆಲ್ಲ ಬೋಳಿಸಿ, ಚಳಿಯಿಲ್ಲದೆಯೇ ಮೊಗ್ಗು ಒಡೆಯುವಂತೆ ಮಾಡುತ್ತಾರೆ. ಅದನ್ನು ನೆನೆದು ಅಕ್ಟೋಬರಿನಿಂದ ನೀರು ನಿಲ್ಲಿಸಿ, ನವೆಂಬರ್ ಮೊದಲ ವಾರದಲ್ಲಿ ಮರದ ಮೂಡಣ ಅರ್ಧದ ಎಲೆಗಳನ್ನು ಮಾತ್ರ, ಕಂಕುಳಿನ ಮೊಗ್ಗಿಗೆ ಗಾಯವಾಗದಂತೆ ತೊಟ್ಟಿನ ತುದಿ ಉಳಿಸಿ, ಕತ್ತರಿಯಿಂದ ಕತ್ತರಿಸಿದೆ. ಪಡುವಣ ಅರ್ಧವನ್ನು ಹೋಲಿಸಿ ನೋಡಲು ಹಾಗೆಯೇ ಬಿಟ್ಟೆ. ಇಡೀ ಒಂದು ದಿನದ ಕೆಲಸ. ಏಣಿಯ ಮೇಲೆ ನಿಂತು ಒಳ್ಳೆಯ ಎಲೆಗಳನ್ನು ಕತ್ತರಿಸುತ್ತಿದ್ದವನನ್ನು ಕಂಡು ಮನೆಯವರು ಏನೂ ಹೇಳಲಿಲ್ಲ ಎಂಬುದನ್ನೂ ದಾಖಲಿಸಬೇಕು.

ಇಪ್ಪತ್ತು ದಿನದಲ್ಲಿ ಬೋಳಿಸಿದ ಅರ್ಧದ ಮೊಗ್ಗುಗಳು ಒಂದೇ ಸಮನೆ ಉಬ್ಬಿದವು. ಹೂವೆಂದೇ ತಿಳಿದಿದ್ದೆ. ತಾಳಲಾರದೆ ಒಂದನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ಭೂತಗನ್ನಡಿಯಲ್ಲಿ ನೋಡಿದರೆ ಒಳಗೆ ಮಡಿಸಿಟ್ಟ ಎಲೆಗಳೇ ಇದ್ದವು. ಡಿಸೆಂಬರ್ ಮಧ್ಯಕ್ಕೆ ಆ ಅರ್ಧವೆಲ್ಲ ತಿಳಿ ತಾಮ್ರದ ಬಣ್ಣದ ಚಿಗುರಿನಿಂದ ತುಂಬಿತು. ಪಡುವಣ ಅರ್ಧ ಫೆಬ್ರವರಿಯವರೆಗೆ ಅಲ್ಲೊಂದು ಇಲ್ಲೊಂದು ಎಲೆ ಉದುರಿಸುತ್ತ ಚಿಗುರಿತು. ಬೋಳಿಸುವುದರಿಂದ ಮೊಗ್ಗು ಎಚ್ಚರಗೊಳ್ಳುವುದು ನಿಜ, ಆದರೆ ಮೊಗ್ಗಿನೊಳಗೆ ಹೂವೇ ರೂಪುಗೊಂಡಿರದಿದ್ದರೆ ಎಬ್ಬಿಸಿ ಫಲವಿಲ್ಲ. ಬೀಜದಿಂದ ಬಂದ ಮರಕ್ಕೆ ಎಳೆತನ ಕಳೆಯಲು ಇನ್ನೂ ಕೆಲವು ವರ್ಷ ಬೇಕಾದೀತು. ಹೂ ಬಿಡುವ ಮರದ ಕಡ್ಡಿಯನ್ನು ಕಸಿ ಕಟ್ಟಿದ್ದರೆ ಈ ಕಾಯುವಿಕೆ ತಪ್ಪುತ್ತಿತ್ತು. ಮತ್ತೆ ಮಾಡುವುದಾದರೆ ಬೀಜದ ದಾರಿಯನ್ನು ಬೇರುಗಿಡಕ್ಕಷ್ಟೇ ಇಟ್ಟುಕೊಳ್ಳುತ್ತೇನೆ. ಕಸಿ ಮಾಡಿದರೂ ನಮ್ಮ 14 ಡಿಗ್ರಿಯ ಬೆಳಗುಗಳು ಅದಕ್ಕೆ ಸಾಕಾಗುತ್ತವೆಂದು ನಾನು ಯಾರಿಗೂ ಮಾತು ಕೊಡಲಾರೆ. ಬಿಸಿ ಸೀಮೆಯ ಒಕಿನಾವಾ ದ್ವೀಪದಲ್ಲಿ ಜನವರಿಯಲ್ಲಿ ಅರಳುವ ಚೆರ್ರಿಯೂ ಚಳಿ ಮೊದಲು ಮುಟ್ಟುವ ಬಡಗಿನಿಂದ ಶುರುವಾಗಿ ತೆಂಕಣಕ್ಕೆ ಸಾಗುತ್ತದೆ.

ಆದರೆ 2020ರಿಂದ ಈಚೆಗೆ ಯಾವ ಮಳೆಗಾಲದಲ್ಲಿಯೂ ಈ ಮರದ ಬುಡದಲ್ಲಿ ನೀರು ನಿಂತಿಲ್ಲ, ಬೇರು ಕೊಳೆತಿಲ್ಲ. ಕಳೆದ ವಾರ ಅಳೆದಾಗ ದಿಬ್ಬದ ಪಡುವಣ ಹೆಗಲು ನಾಲ್ಕು ಇಂಚು ಕುಸಿದಿರುವುದೂ, ಕಾಲುವೆಯ ಮೂಲೆಯಲ್ಲಿ ಅರ್ಧ ಅಡಿ ಹೂಳು ಕೂತಿರುವುದೂ ಕಂಡಿತು. ಮೃಗಶಿರಾ ಹಿಡಿಯುವುದರೊಳಗೆ ಹೂಳು ತೆಗೆಸಿ, ಹನ್ನೆರಡು ಹೆಡಗೆ ಮಣ್ಣನ್ನು ಹೆಗಲಿಗೆ ಮಾತ್ರ, ಬುಡದ ಗಂಟಿನಿಂದ ಎರಡು ಅಡಿ ದೂರದಲ್ಲಿ ಹಾಕಿಸಬೇಕಿದೆ.